ಹುಳಿ ಉಳಿದರೆ ಗುಳ್ಳೆ

ಹಂಪಿಯ ಬಂಡೆಗಳ ಸೀಮೆಯಲ್ಲಿ ಒಂದು ಕುಟುಂಬ ವೈನ್ ಮಾಡುತ್ತಿದೆ. ನಂದಿಬೆಟ್ಟದ ಬುಡದಲ್ಲಿ ಇನ್ನೊಂದು ಕುಟುಂಬ ಶಾಂಪೇನ್ ನಾಡಿನ ಗುರುವನ್ನೇ ಕರೆತಂದಿತ್ತು. ಗುಳ್ಳೆ ಏಳುವ ವೈನ್‌ಗೆ ಏನೆಲ್ಲ ಬೇಕು, ಅದು ಎಲ್ಲ ನೆಲಕ್ಕೂ ಯಾಕೆ ಒಲಿಯುವುದಿಲ್ಲ?

ಮೇ ತಿಂಗಳ ಮಧ್ಯಾಹ್ನ ಹೊಸಪೇಟೆ ಬಸ್ ನಿಲ್ದಾಣದ ಹೊರಗೆ ನಿಂತವರಿಗೆ ಆ ಸದ್ದು ಗೊತ್ತು. ಅಂಗಡಿಯವನು ಹಸಿರು ಬಾಟಲಿಯ ಕತ್ತಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಾನೆ, ಗೋಲಿ ಕೆಳಕ್ಕೆ ಬೀಳುತ್ತದೆ, 'ಟಪ್' ಎಂದು ಗಾಳಿ ಚಿಮ್ಮುತ್ತದೆ. ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು ಬಿದ್ದರೆ ನೊರೆ ಲೋಟದ ಅಂಚಿಗೆ ಬರುತ್ತದೆ. ಈ ಬಾಟಲಿಯ ಯುಕ್ತಿಗೆ 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ. ಅವನ ದೇಶದಲ್ಲಿ ಅದು ಎಂದೋ ಮರೆಯಾಯಿತು, ನಮ್ಮಲ್ಲಿ ಉಳಿದುಕೊಂಡಿತು. ಬಾಟಲಿಗೆ ಮುಚ್ಚಳವಿಲ್ಲ. ಒಳಗಿನ ಗಾಳಿಯೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಕೈದಿಯೇ ಕಾವಲುಗಾರ.

ಗುಳ್ಳೆ ಏಳುವ ವೈನ್ ಅರ್ಥವಾಗಬೇಕಾದರೆ ಈ ಗೋಲಿ ಸೋಡಾದಿಂದ ಶುರುಮಾಡುವುದು ಒಳ್ಳೆಯದು. ದ್ರವದೊಳಗೆ ಇಂಗಾಲದ ಡೈಆಕ್ಸೈಡನ್ನು ಕೂಡಿಹಾಕಲು ಮೂರು ದಾರಿಗಳಿವೆ. ಮೊದಲನೆಯದು ಸೋಡಾದವನ ದಾರಿ. ಸಿಲಿಂಡರಿನಿಂದ ಗ್ಯಾಸ್ ತುಂಬಿದರೆ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಎರಡನೆಯದರಲ್ಲಿ ದೊಡ್ಡ ಉಕ್ಕಿನ ಟ್ಯಾಂಕಿನೊಳಗೆ ವೈನನ್ನು ಇನ್ನೊಮ್ಮೆ ಹುದುಗಿಸಿ, ಹುಟ್ಟಿದ ಗ್ಯಾಸು ಹೊರಹೋಗದಂತೆ ಒತ್ತಡದಲ್ಲೇ ಬಾಟಲಿಗೆ ಇಳಿಸುತ್ತಾರೆ. ಇಟಲಿಯ ಪ್ರೊಸೆಕೊ ಬಹುಪಾಲು ಹೀಗೆ ಆಗುತ್ತದೆ, ಕೆಲವು ವಾರ ಅಥವಾ ತಿಂಗಳು ಸಾಕು. ಮೂರನೆಯದು ಶಾಂಪೇನ್ ದಾರಿ. ಅಲ್ಲಿ ಪ್ರತಿ ಬಾಟಲಿಯೂ ತನ್ನ ಗುಳ್ಳೆಯನ್ನು ತಾನೇ ಹೆರಬೇಕು, ಅದಕ್ಕೆ ವರ್ಷಗಳು ಬೇಕು.

ಪೇಸ್ ಕಂಡ ದ್ರಾಕ್ಷಿ

ಹಂಪಿಯ ಸೀಮೆಗೆ ದ್ರಾಕ್ಷಿ ಹೊಸದಲ್ಲ. 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿನ ಪೇಟೆಯಲ್ಲಿ ಮಾರಾಟಕ್ಕಿದ್ದ ಹಣ್ಣುಗಳ ದರವನ್ನೂ ಬರೆದಿಟ್ಟ. ಬಿಳಿ ದ್ರಾಕ್ಷಿ ಒಂದು ಹಣಕ್ಕೆ ಮೂರು ಗೊಂಚಲು, ದಾಳಿಂಬೆ ಒಂದು ಹಣಕ್ಕೆ ಹತ್ತು. ಈ ಲೆಕ್ಕ ನೋಡಿದರೆ ಆಗಲೂ ದ್ರಾಕ್ಷಿ ಬಡವರ ಹಣ್ಣಾಗಿರಲಿಲ್ಲ ಎಂದು ತೋರುತ್ತದೆ. ರಾಯ ನಾಗಲಾಪುರವನ್ನು ಕಟ್ಟಿಸಿದ್ದು, ಅದಕ್ಕಾಗಿ ದೊಡ್ಡ ಕೆರೆ ತೋಡಿಸಿದ್ದು ಕೂಡ ಪೇಸನ ಬರಹದಲ್ಲಿದೆ. ಆ ನಾಗಲಾಪುರವೇ ಇಂದಿನ ಹೊಸಪೇಟೆ. ಆ ಕಾಲದ ಕಾಲುವೆಗಳು ಈಗಲೂ ಹರಿಯುತ್ತಿವೆ. ಕಂಪ್ಲಿಯ ಗದ್ದೆ, ಹೊಸಪೇಟೆಯ ಬಾಳೆ, ಕಬ್ಬು ಅವುಗಳ ನೀರು ಕುಡಿದೇ ಬೆಳೆದಿವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ನೀರಿನ ಬೆಳೆಗಳದೇ ರಾಜ್ಯವಾಯಿತು.

ಹಾಗೆಂದು ಹುದುಗಿದ ದ್ರಾಕ್ಷಿಯ ರುಚಿ ಇಲ್ಲಿನ ಮನೆಗಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆಯುರ್ವೇದದ ಅಂಗಡಿಯಿಂದ ತರುವ ದ್ರಾಕ್ಷಾರಿಷ್ಟ, ಬಾಣಂತಿಗೆ ಅಳತೆ ಮಾಡಿ ಕೊಡುವ ದಶಮೂಲಾರಿಷ್ಟ, ಎರಡೂ ಹುದುಗಿಸಿದ ದ್ರವಗಳೇ. ಧಾತಕಿ ಹೂವು ಹಾಕಿ ಮುಚ್ಚಿಟ್ಟರೆ ಆ ಹೂವಿಗೆ ಅಂಟಿಕೊಂಡ ಯೀಸ್ಟ್ ಬೆಲ್ಲವನ್ನು ತಿಂದು ಮದ್ಯಸಾರ ಮಾಡುತ್ತದೆ. ಅಜ್ಜಿ ಅದನ್ನು ಔಷಧಿ ಎನ್ನುತ್ತಾಳೆ, ರಸಾಯನಶಾಸ್ತ್ರ ಹುದುಗು ಎನ್ನುತ್ತದೆ. ಕಂಪ್ಲಿ ಕಡೆಯ ಆಲೆಮನೆಯಲ್ಲಿ ಬೆಳಿಗ್ಗೆ ಹಿಂಡಿದ ಕಬ್ಬಿನ ಹಾಲನ್ನು ಕಾಯಿಸದೆ ಬಿಟ್ಟರೆ ಸಂಜೆಯೊಳಗೆ ನೊರೆ ಕಟ್ಟಿ ಹುಳಿ ವಾಸನೆ ಬರುವುದೂ ಇದೇ ಕಾರಣಕ್ಕೆ. ಯೀಸ್ಟ್ ಸಕ್ಕರೆ ತಿನ್ನುತ್ತದೆ, ಮದ್ಯಸಾರವನ್ನೂ ಗಾಳಿಯನ್ನೂ ಬಿಡುತ್ತದೆ. ವೈನ್ ಮಾಡುವವನು ಮದ್ಯಸಾರ ಉಳಿಸಿಕೊಂಡು ಗಾಳಿಯನ್ನು ಬಿಟ್ಟುಕೊಡುತ್ತಾನೆ. ಬ್ರೆಡ್ ಮಾಡುವವನಿಗೆ ಬೇಕಾದದ್ದು ಗಾಳಿ, ಮದ್ಯಸಾರ ಒಲೆಯಲ್ಲಿ ಆರಿಹೋಗುತ್ತದೆ. ಎರಡನ್ನೂ ಬಿಡಲು ಒಪ್ಪದವನು ಗುಳ್ಳೆಯ ವೈನ್ ಮಾಡುವವನು.

2007 ಕರ್ನಾಟಕದ ಮಟ್ಟಿಗೆ ವಿಚಿತ್ರ ವರ್ಷ. ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಒಂದು ಗ್ಲಾಸಿಗೆ ಬಾಗಿಲು ಮುಚ್ಚಿತು, ಇನ್ನೊಂದಕ್ಕೆ ತೆರೆಯಿತು. ಎರಡು ಗ್ಲಾಸುಗಳ ಹಿಂದಿದ್ದ ಜನ ಬೇರೆ ಬೇರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ 2008ರ ಸುಮಾರಿಗೆ ಹೈದರಾಬಾದಿನ ಔಷಧ ಉದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿ ಈ ಬಂಡೆಗಳ ಸೀಮೆಯಲ್ಲಿ ವೈನ್ ದ್ರಾಕ್ಷಿ ನೆಟ್ಟರು. ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದ ದಂಪತಿ ಇವರು. ಕೃಷ್ಣ, ಉಮಾ ಎಂಬ ಎರಡು ಹೆಸರುಗಳ ಅಕ್ಷರ ಕೂಡಿಸಿ ತೋಟಕ್ಕೆ 'ಕರಿಸ್ಮಾ' ಎಂದು ಹೆಸರಿಟ್ಟರು. ಬಾಟಲಿಯ ಮೇಲೆ 'ಹಂಪಿ ಹಿಲ್ಸ್' ಎಂಬ ಗುರುತು. ಮೊದಲು ಮನೆಯ ನೆಲಮಾಳಿಗೆಯಲ್ಲಿ ಹವ್ಯಾಸಕ್ಕೆ ಮಾಡುತ್ತಿದ್ದ ವೈನ್ ಹೀಗೆ ಹೊಲಕ್ಕೆ ಬಂತು. ಕ್ಯಾಬರ್ನೆ ಸೊವಿನ್ಯೋಂ, ಸ್ಯಾಂಜಿಯೊವೆಸೆ, ಸಿರಾ, ಸೊವಿನ್ಯೋಂ ಬ್ಲಾಂ ತಳಿಗಳಿಂದ ಇವರಿಗೆ ಹೆಸರು ಬಂದಿದೆ, ಅದರಲ್ಲೂ ಕೆಂಪು ವೈನ್‌ಗೆ. ಆ ಹೆಸರು ಗುಳ್ಳೆಯ ವೈನಿನಿಂದ ಬಂದದ್ದಲ್ಲ. ಅದು ಯಾಕೆ ಎಂದು ಕೇಳಿಕೊಂಡರೆ ಉತ್ತರ ಹುಳಿಯ ಹತ್ತಿರ ಸಿಗುತ್ತದೆ.

ಹುಣಸೆಯ ಹುಳಿ, ದ್ರಾಕ್ಷಿಯ ಹುಳಿ

ಸಾರಿಗೆ ಹಿಂಡುವ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯಲ್ಲೂ ಇದೆ. ಜೊತೆಗೆ ಸೇಬಿನ ಹುಳಿಯಾದ ಮ್ಯಾಲಿಕ್ ಆಮ್ಲವೂ ಇರುತ್ತದೆ. ಕಾಯಿ ದ್ರಾಕ್ಷಿಯಲ್ಲಿ ಇವೆರಡೂ ಹಲ್ಲು ಚಳಿಯುವಷ್ಟಿರುತ್ತವೆ. ಹಣ್ಣು ಮಾಗುತ್ತಾ ಹೋದಂತೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಬಳ್ಳಿ ಉಸಿರಾಡುವಾಗ ಮೊದಲು ಖರ್ಚಾಗುವುದು ಸೇಬಿನ ಹುಳಿ. ಸೆಕೆ ಹೆಚ್ಚಾದಷ್ಟೂ ಉಸಿರಾಟ ಹೆಚ್ಚು, ರಾತ್ರಿಯೂ ಸೆಕೆಯಿದ್ದರೆ ಆ ಖರ್ಚು ರಾತ್ರಿಯಿಡೀ ನಡೆಯುತ್ತದೆ. ದ್ರಾಕ್ಷಿಗೆ ತಂಪು ರಾತ್ರಿ ಬೇಕು ಎನ್ನುವುದು ಇದಕ್ಕೇ.

ಹಂಪಿಯಲ್ಲಿ ಬೇಸಿಗೆಯ ಸಂಜೆ ಬಂಡೆಯ ಮೇಲೆ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಕಲ್ಲು ಬಿಸಿಯಾಗಿಯೇ ಇರುತ್ತದೆ. ಹಗಲು ಕುಡಿದ ಬಿಸಿಲನ್ನು ಅದು ರಾತ್ರಿ ಕಕ್ಕುತ್ತದೆ. ಇಂಥ ನೆಲದಲ್ಲಿ ಕೆಂಪು ದ್ರಾಕ್ಷಿ ಚೆನ್ನಾಗಿ ಮಾಗುತ್ತದೆ, ಸಿಪ್ಪೆ ದಪ್ಪವಾಗಿ ಬಣ್ಣ ಕಟ್ಟುತ್ತದೆ. ಕೆಂಪು ವೈನ್‌ಗೆ ಸಕ್ಕರೆ ಅಂಶ 23, 24 ಬ್ರಿಕ್ಸ್‌ ಮುಟ್ಟುವ ತನಕ ಕಾಯಬಹುದು. ಗುಳ್ಳೆಯ ವೈನ್‌ಗೆ ಅಷ್ಟು ಕಾಯುವಂತಿಲ್ಲ, 17ರಿಂದ 19ರೊಳಗೆ ಕೊಯ್ದುಬಿಡಬೇಕು. ಸಕ್ಕರೆ ಹೆಚ್ಚಾದರೆ ಮದ್ಯಸಾರ ಹೆಚ್ಚುತ್ತದೆ, ಮೇಲಿಂದ ಎರಡನೆಯ ಹುದುಗು ಇನ್ನಷ್ಟು ಸೇರಿಸುತ್ತದೆ. ಹಾಗಾಗಿ ಹಣ್ಣಿಗೆ ರುಚಿ ಬಂದಿರಬೇಕು, ಹುಳಿ ಮಾತ್ರ ಹೋಗಿರಬಾರದು. ಬಿಸಿ ನೆಲದಲ್ಲಿ ಈ ಎರಡೂ ಒಟ್ಟಿಗೆ ಸಿಗುವ ದಿನಗಳು ಬೆರಳೆಣಿಕೆಯಷ್ಟು.

ಫ್ರಾನ್ಸಿನ ಶಾಂಪೇನ್ ಪ್ರಾಂತ ಇರುವುದು ಉತ್ತರ ಅಕ್ಷಾಂಶ 49 ಡಿಗ್ರಿಯ ಹತ್ತಿರ, ಹಂಪಿ ಇರುವುದು 15 ಡಿಗ್ರಿಯಲ್ಲಿ. ಅಲ್ಲಿ ದ್ರಾಕ್ಷಿ ಮಾಗುವುದೇ ಕಷ್ಟವಾಗಿತ್ತು. ಹುಳಿ ಉಳಿದ, ಚಳಿಗೆ ಹುದುಗು ಅರ್ಧಕ್ಕೆ ನಿಂತು ವಸಂತದಲ್ಲಿ ಮತ್ತೆ ಎದ್ದ ವೈನನ್ನು ಏನು ಮಾಡುವುದೆಂಬ ತಲೆನೋವಿನಿಂದ ಶಾಂಪೇನ್ ಹುಟ್ಟಿತು. ಡೊಮ್ ಪೆರಿನ್ಯೋಂ ಎಂಬ ಸನ್ಯಾಸಿ ಗುಳ್ಳೆಯನ್ನು ಕಂಡುಹಿಡಿದ ಎಂಬ ಕತೆ ಜನಪ್ರಿಯ. ನಿಜ ಬೇರೆ, ಅವನ ಕಾಲದಲ್ಲಿ ಗುಳ್ಳೆ ಒಂದು ದೋಷ, ಅದು ಬಾರದಂತೆ ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಸಕ್ಕರೆ ಹಾಕಿ ವೈನನ್ನು ಬೇಕೆಂದೇ ನೊರೆಯುಕ್ಕಿಸುವ ಪದ್ಧತಿಯ ಬಗ್ಗೆ 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ ಪ್ರಬಂಧ ಮಂಡಿಸಿದ್ದ. ಕಲ್ಲಿದ್ದಲ ಒಲೆಯಲ್ಲಿ ಕರಗಿಸಿದ ಇಂಗ್ಲಿಷ್ ಗಾಜು ಆ ಒತ್ತಡ ತಾಳುವಷ್ಟು ಗಟ್ಟಿಯಾಗಿತ್ತು.

ನಮ್ಮ ಸೀಮೆಯಲ್ಲಿ ತಂಪು ಇಲ್ಲವೇ ಇಲ್ಲ ಎಂದಲ್ಲ, ಎತ್ತರಕ್ಕೆ ಹೋಗಬೇಕು ಅಷ್ಟೆ. ಹೊಸಪೇಟೆ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಎತ್ತರದಲ್ಲಿದೆ. ಸಂಡೂರಿನ ಬೆಟ್ಟಸಾಲಿನ ರಾಮನದುರ್ಗ ಸಾವಿರ ಮೀಟರಿನ ಹತ್ತಿರ ಬರುತ್ತದೆ. ಬಳ್ಳಾರಿಯ ಬೇಗೆ ತಾಳಲಾರದ ಬ್ರಿಟಿಷರು ತಮ್ಮ ಸೈನಿಕರಿಗೆ ಆರೋಗ್ಯಧಾಮ ಮಾಡಿಕೊಂಡಿದ್ದು ಅಲ್ಲೇ. ಎತ್ತರ 500 ಮೀಟರ್ ಏರಿದರೆ ಸುಮಾರು ಮೂರು ಡಿಗ್ರಿ ಉಷ್ಣಾಂಶ ಇಳಿಯುತ್ತದೆ, ದ್ರಾಕ್ಷಿಯ ಮಟ್ಟಿಗೆ ಮೂರು ಡಿಗ್ರಿ ದೊಡ್ಡದು. ಆದರೆ ಸಂಡೂರಿನ ಎತ್ತರದಲ್ಲಿ ಇರುವುದು ಕಾಡು, ಕಾಡಿನಡಿಗೆ ಕಬ್ಬಿಣದ ಅದಿರು. ಗಣಿಯಿಂದ ಉಳಿದ ಕಾಡು ಕಾಡಾಗಿಯೇ ಇರಲಿ, ಅಲ್ಲಿ ದ್ರಾಕ್ಷಿ ಚಪ್ಪರ ಹಾಕುವ ಆಸೆ ಯಾರಿಗೂ ಬೇಡ.

ಹದಿನೆಂಟು ಗ್ರಾಂ ಸಕ್ಕರೆ

ಹುಳಿ ಉಳಿಸಿಕೊಂಡು ಕೊಯ್ದ ಹಣ್ಣು ಕೈಗೆ ಬಂತು ಎಂದುಕೊಳ್ಳೋಣ. ಕೊಯ್ಲು ನಸುಕಿನಲ್ಲೇ ಆಗಬೇಕು, ಬಿಸಿಲೇರುವ ಮುನ್ನ ಹಣ್ಣು ಗಾಣ ಸೇರಬೇಕು. ಗೊಂಚಲನ್ನು ಬಿಡಿಸದೆ, ತೊಟ್ಟಿನ ಸಮೇತ ಮೆತ್ತಗೆ ಹಿಂಡುತ್ತಾರೆ. ಕಬ್ಬಿನ ಗಾಣದಂತೆ ಕೊನೆಯ ಹನಿವರೆಗೂ ಹಿಂಡುವ ಹಾಗಿಲ್ಲ. ಶಾಂಪೇನಿನಲ್ಲಿ 4,000 ಕಿಲೋ ದ್ರಾಕ್ಷಿಗೆ 2,550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ ಎಂಬ ನಿಯಮವೇ ಇದೆ. ಅದರಲ್ಲೂ ಮೊದಲು ಬರುವ 2,050 ಲೀಟರ್ ಶ್ರೇಷ್ಠ. ಪಿನೋ ನ್ವಾರ್‌ನಂಥ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಬರುವ ಗುಟ್ಟು ಇದೇ. ಬಣ್ಣ ಇರುವುದು ಸಿಪ್ಪೆಯಲ್ಲಿ, ರಸದಲ್ಲಲ್ಲ. ಮೆತ್ತಗೆ ಹಿಂಡಿದರೆ ಸಿಪ್ಪೆ ತನ್ನ ಬಣ್ಣ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹೆಚ್ಚು ಒದಗುವ ತಳಿ ಶೆನಾಂ ಬ್ಲಾಂ. ಬಿಸಿಲಲ್ಲೂ ಹುಳಿಯನ್ನು ಬಿಗಿಹಿಡಿದುಕೊಳ್ಳುವ ಹಟಮಾರಿ ಅದು.

ರಸ ತಂಪು ಟ್ಯಾಂಕಿನಲ್ಲಿ ಒಮ್ಮೆ ಹುದುಗಿ ವೈನ್ ಆಗುತ್ತದೆ. ಈ ಹಂತದಲ್ಲಿ ಕುಡಿದರೆ ಮುಖ ಹಿಂಡುತ್ತದೆ, ಅಷ್ಟು ಹುಳಿ. ಬೇರೆ ಬೇರೆ ಹೊಲ, ಬೇರೆ ಬೇರೆ ತಳಿ, ಕೆಲವೊಮ್ಮೆ ಬೇರೆ ಬೇರೆ ವರ್ಷದ ವೈನ್‌ಗಳನ್ನು ಹದ ನೋಡಿ ಬೆರೆಸುವುದು ಆಮೇಲಿನ ಕೆಲಸ. ಮನೆತನದ ನಾಲಿಗೆ ಬೇಕಾಗುವುದು ಇಲ್ಲೇ. ಮೂರು ವರ್ಷದ ನಂತರ ಇದು ಏನಾಗುತ್ತದೆ ಎಂಬುದನ್ನು ಇಂದಿನ ಮುಖ ಹಿಂಡುವ ಹುಳಿಯಲ್ಲೇ ಊಹಿಸಬೇಕು. ಉಪ್ಪಿನಕಾಯಿ ಹಾಕುವ ದಿನವೇ ವರ್ಷದ ರುಚಿ ಹೇಳಬಲ್ಲ ಅಜ್ಜಿಯಂದಿರ ವಿದ್ಯೆ ಇದೇ ಜಾತಿಯದು.

ಬೆರೆಸಿದ ವೈನ್‌ಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ ಬಾಟಲಿ ತುಂಬಿ, ಸೋಡಾ ಬಾಟಲಿಗೆ ಹಾಕುವಂಥ ತಗಡಿನ ಬಿರಡೆ ಒತ್ತುತ್ತಾರೆ. ಮುಕ್ಕಾಲು ಲೀಟರಿನ ಬಾಟಲಿಗೆ 18 ಗ್ರಾಂ ಸಕ್ಕರೆ, ಅಂದರೆ ನಾಲ್ಕೈದು ಟೀ ಚಮಚ. ಇಷ್ಟರಿಂದಲೇ ಎಲ್ಲ ಪವಾಡ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮುಗಿಸುವ ಹೊತ್ತಿಗೆ ಮದ್ಯಸಾರ ಒಂದೂಕಾಲು ಪ್ರತಿಶತದಷ್ಟು ಏರಿರುತ್ತದೆ, ಒತ್ತಡ ಆರು ವಾತಾವರಣದಷ್ಟಾಗಿರುತ್ತದೆ. ಕಾರಿನ ಟೈರಿಗಿಂತ ಎಷ್ಟೋ ಹೆಚ್ಚು, ಸಂಡೂರಿನ ಅದಿರು ಲಾರಿಯ ಟೈರಿಗೆ ಹತ್ತಿರ. ಮುಕ್ಕಾಲು ಲೀಟರ್ ಬಾಟಲಿಯೊಳಗೆ ಸುಮಾರು ಐದು ಲೀಟರ್ ಗಾಳಿ ಕರಗಿ ಅಡಗಿ ಕೂತಿರುತ್ತದೆ. ಈ ಬಾಟಲಿಯ ಗಾಜು ದಪ್ಪಗಿರುವುದು, ತಳ ಒಳಕ್ಕೆ ಚುಚ್ಚಿಕೊಂಡಿರುವುದು ಇದಕ್ಕಾಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ಸಕ್ಕರೆಯ ಲೆಕ್ಕ ತಿಳಿಯದೆ ನೆಲಮಾಳಿಗೆಗಳಲ್ಲಿ ಬಾಟಲಿಗಳು ಸಾಲುಸಾಲಾಗಿ ಸಿಡಿಯುತ್ತಿದ್ದವು. ಕೆಲಸಗಾರರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಇಳಿಯುತ್ತಿದ್ದರು. ಆ ಲೆಕ್ಕ ಹಾಕಿಕೊಟ್ಟವನು ಝಾಂ ಬಾಪ್ಟಿಸ್ಟ್ ಫ್ರಾನ್ಸ್ವಾ ಎಂಬ ಔಷಧ ವ್ಯಾಪಾರಿ, 1836ರಲ್ಲಿ.

ಗ್ಯಾಸು ಹುಟ್ಟಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸತ್ತ ಯೀಸ್ಟ್ ಗಸಿಯಾಗಿ ಬಾಟಲಿಯ ಪಕ್ಕೆಗೆ ಇಳಿಯುತ್ತದೆ. ಆ ಗಸಿಯ ಜೊತೆಗೇ ವೈನ್ ಮಲಗಬೇಕು. ಯೀಸ್ಟಿನ ಜೀವಕೋಶಗಳು ನಿಧಾನವಾಗಿ ಒಡೆದು ಕರಗುತ್ತಾ, ಬೆಳಗಿನ ಜಾವ ಬೇಕರಿಯಲ್ಲಿ ಬ್ರೆಡ್ ಇಳಿಸುವಾಗ ಬರುವಂಥ ವಾಸನೆಯನ್ನೂ ಬಾಯಿ ತುಂಬುವ ಮೆದುತನವನ್ನೂ ವೈನ್‌ಗೆ ಕೊಡುತ್ತವೆ. ಶಾಂಪೇನಿನಲ್ಲಿ ಸಾಮಾನ್ಯ ಬಾಟಲಿಯೂ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿರಬೇಕು, ಅದರಲ್ಲಿ 12 ತಿಂಗಳು ಗಸಿಯ ಜೊತೆ. ಒಂದೇ ವರ್ಷದ ಬೆಳೆಯಿಂದ ಮಾಡಿದ್ದಾದರೆ ಮೂರು ವರ್ಷ. ಅಲ್ಲಿ ರೈಮ್ಸ್ ಊರಿನ ಕೆಳಗೆ ಸೀಮೆಸುಣ್ಣದಂಥ ಮೆದು ಕಲ್ಲು. ರೋಮನ್ನರ ಕಾಲದಿಂದ ತೋಡಿದ ಗುಹೆಗಳಲ್ಲಿ ವರ್ಷವಿಡೀ 10ರಿಂದ 12 ಡಿಗ್ರಿ ತಂಪು ಪುಕ್ಕಟೆ ಸಿಗುತ್ತದೆ. ನಮ್ಮ ಬಂಡೆ ಗ್ರಾನೈಟ್. ಅದನ್ನು ಕಡೆದು ವಿಠಲನ ರಥ ಮಾಡಿದರು ನಿಜ, ಆದರೆ ಆ ಕಲ್ಲು ಯಾರಿಗೂ ಪುಕ್ಕಟೆ ತಂಪು ಕೊಡಲಿಲ್ಲ. ಇಲ್ಲಿ ತಂಪಿಗೆ ಕರೆಂಟ್ ಬಿಲ್ ಕಟ್ಟಬೇಕು, ಅದೂ ಮೂರು ವರ್ಷ ಬಿಡದೆ.

ವಿಧವೆಯ ಮೇಜು

ಗಸಿಯನ್ನು ತೆಗೆಯುವುದೇ ದೊಡ್ಡ ಸಮಸ್ಯೆಯಾಗಿತ್ತು. ತೆಗೆಯಲು ಹೋದರೆ ಗುಳ್ಳೆಯೂ ಹೋಗುತ್ತದೆ, ಬಿಟ್ಟರೆ ವೈನ್ ಮಬ್ಬಾಗಿಯೇ ಇರುತ್ತದೆ. ಇದಕ್ಕೆ ದಾರಿ ಹುಡುಕಿದ್ದು ಒಂದು ಮನೆ. 1805ರಲ್ಲಿ ಗಂಡ ತೀರಿಕೊಂಡಾಗ ಬಾರ್ಬ್ ನಿಕೋಲ್ ಕ್ಲಿಕೋ ಅವರಿಗೆ 27 ವರ್ಷ. ಅಂದಿನ ಫ್ರಾನ್ಸಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ವ್ಯವಹಾರದ ಹಕ್ಕು ಇರಲಿಲ್ಲ, ವಿಧವೆಗೆ ಇತ್ತು. ಆಕೆ ಮನೆಯ ವ್ಯಾಪಾರವನ್ನು ಹೊತ್ತರು. ಫ್ರೆಂಚಿನಲ್ಲಿ 'ವ್ಯೂವ್' ಎಂದರೆ ವಿಧವೆ. ವ್ಯೂವ್ ಕ್ಲಿಕೋ ಎಂಬ ಹೆಸರು ಈಗಲೂ ಬಾಟಲಿಯ ಮೇಲಿದೆ. ಗಂಡನ ನಂತರ ರಾಜ್ಯವನ್ನೇ ಹೊತ್ತ ಕೆಳದಿ ಚೆನ್ನಮ್ಮನ ನಾಡಿನವರಿಗೆ ಇದು ಅಚ್ಚರಿ ಎನಿಸಬೇಕಿಲ್ಲ.

1816ರ ಸುಮಾರಿಗೆ ಆಕೆಯ ನೆಲಮಾಳಿಗೆಯಲ್ಲಿ ಹೊಸ ಮೇಜೊಂದು ತಯಾರಾಯಿತು. ಹಲಗೆಗೆ ತೂತು ಕೊರೆದು ಬಾಟಲಿಯ ಕತ್ತನ್ನು ಅದರಲ್ಲಿ ಸಿಕ್ಕಿಸಿದರು. ದಿನವೂ ಒಂದಿಷ್ಟು ತಿರುಗಿಸಿ, ಒಂದಿಷ್ಟು ಓರೆ ಹೆಚ್ಚಿಸಿ, ಕೆಲವು ವಾರಗಳಲ್ಲಿ ಬಾಟಲಿ ತಲೆಕೆಳಗಾಗಿ ನಿಲ್ಲುವ ಹೊತ್ತಿಗೆ ಗಸಿಯೆಲ್ಲ ಜಾರಿ ಬಿರಡೆಯ ಮೇಲೆ ಕೂತಿರುತ್ತದೆ. ನುರಿತ ಕೈ ದಿನಕ್ಕೆ ಹತ್ತಾರು ಸಾವಿರ ಬಾಟಲಿ ತಿರುಗಿಸಬಲ್ಲದು. 1970ರ ದಶಕದಿಂದ ಈ ಕೆಲಸವನ್ನು ಯಂತ್ರದ ಪಂಜರ ಮಾಡುತ್ತಿದೆ, ವಾರಗಳ ಕೆಲಸ ದಿನಗಳಿಗೆ ಇಳಿದಿದೆ.

ಮುಂದಿನದು ನೋಡಲು ಚೆಂದ. ತಲೆಕೆಳಗಾದ ಬಾಟಲಿಯ ಕತ್ತನ್ನಷ್ಟೇ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ತಂಪು ದ್ರಾವಣದಲ್ಲಿ ಅದ್ದುತ್ತಾರೆ. ಗಸಿ ಹೆಪ್ಪುಗಟ್ಟಿ ಮಂಜಿನ ಬಿರಡೆಯಾಗುತ್ತದೆ. ನೆಟ್ಟಗೆ ನಿಲ್ಲಿಸಿ ತಗಡಿನ ಬಿರಡೆ ತೆಗೆದರೆ ಒಳಗಿನ ಒತ್ತಡವೇ ಆ ಮಂಜುಗಡ್ಡೆಯನ್ನು ಹೊರಕ್ಕೆ ಚಿಮ್ಮಿಸುತ್ತದೆ. ಗೋಲಿಯನ್ನು ಮೇಲಕ್ಕೆ ಒತ್ತಿಹಿಡಿದ ಗಾಳಿಯ ಕೆಲಸವೇ ಇದು, ಇಲ್ಲಿ ಕಾವಲುಗಾರನೇ ಕಸ ಗುಡಿಸುತ್ತಾನೆ. ಖಾಲಿಯಾದ ಜಾಗಕ್ಕೆ ಸಕ್ಕರೆ ಬೆರೆಸಿದ ವೈನ್ ತುಂಬುತ್ತಾರೆ. ಎಷ್ಟು ಸಿಹಿ ಎಂಬುದು ಈಗ ತೀರ್ಮಾನವಾಗುತ್ತದೆ. ಲೀಟರಿಗೆ 12 ಗ್ರಾಂ ಒಳಗಿದ್ದರೆ 'ಬ್ರೂಟ್'. ಕೊನೆಗೆ ಕಾರ್ಕ್ ಹೊಡೆದು ಮೇಲೆ ತಂತಿಯ ಮುಖವಾಡ ಬಿಗಿಯುತ್ತಾರೆ. ಆ ತಂತಿ 1844ರಲ್ಲಿ ಅಡಾಲ್ಫ್ ಜಾಕ್ಸನ್ ಕೊಟ್ಟದ್ದು.

ನಂದಿಯ ಬುಡಕ್ಕೆ ಬಂದ ಗುರು

ಕರ್ನಾಟಕಕ್ಕೂ ಶಾಂಪೇನ್ ನಾಡಿಗೂ ನೇರ ನಂಟು ಬೆಸೆದದ್ದು ಗ್ರೋವರ್ ಕುಟುಂಬ. ಕನ್ವಲ್ ಗ್ರೋವರ್ ಯಂತ್ರೋಪಕರಣಗಳ ವ್ಯಾಪಾರಿ. ವ್ಯವಹಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತಾ ವೈನಿನ ರುಚಿ ಹತ್ತಿಸಿಕೊಂಡರು. ಅಲ್ಲಿ ಜಾರ್ಜ್ ವೆಸೆಲ್ ಪರಿಚಯವಾಯಿತು. ಪಿನೋ ನ್ವಾರ್‌ಗೆ ಹೆಸರಾದ ಬೂಜಿ ಎಂಬ ಹಳ್ಳಿಯ ವೈನ್ ಮನೆತನದವರು ಅವರು, ಮಮ್ ಎಂಬ ದೊಡ್ಡ ಶಾಂಪೇನ್ ಸಂಸ್ಥೆಯ ತೋಟಗಳ ಹೊಣೆ ಹೊತ್ತವರು. ಇಬ್ಬರೂ ಸೇರಿ ಭಾರತದಲ್ಲಿ ಯಾವ ತಳಿ ಎಲ್ಲಿ ಬಾಳೀತು ಎಂದು ವರ್ಷಗಳ ಕಾಲ ನೆಟ್ಟು ನೋಡಿದರು. ಕೊನೆಗೆ ಆಯ್ದ ಜಾಗ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ನೆರಳಿನಲ್ಲಿ. 1988ರಲ್ಲಿ ಗ್ರೋವರ್ ವಿನ್‌ಯಾರ್ಡ್ಸ್ ಶುರುವಾಯಿತು. ಅಲ್ಲಿನ ಬಯಲೇ ಸುಮಾರು 900 ಮೀಟರ್ ಎತ್ತರ. ಹೊಸಪೇಟೆಯವರು ರಾಮನದುರ್ಗದ ಬೆಟ್ಟ ಹತ್ತಿ ಹುಡುಕುವ ತಂಪು ಅಲ್ಲಿ ಹೊಲದಲ್ಲೇ ಇದೆ.

ತಂದೆಯ ನಂತರ ಮಗ ಕಪಿಲ್ ಗ್ರೋವರ್ ಹೊಣೆ ಹೊತ್ತರು. ವಿಚಿತ್ರವೆಂದರೆ ಶಾಂಪೇನ್ ಗುರುವಿನಿಂದ ಶುರುವಾದ ಮನೆಗೆ ಮೊದಲು ಹೆಸರು ತಂದದ್ದು ಗುಳ್ಳೆಯಿಲ್ಲದ ಕೆಂಪು ವೈನ್, 'ಲಾ ರಿಸರ್ವ್'. 2012ರಲ್ಲಿ ನಾಸಿಕದ ಜಾಂಪಾ ಜೊತೆ ವಿಲೀನವಾಗಿ ಗ್ರೋವರ್ ಜಾಂಪಾ ಆದ ಮೇಲೆ ಬಾಟಲಿಯಲ್ಲೇ ಎರಡನೆಯ ಹುದುಗು ಆಗುವ 'ಸ್ವಾರೆ' ಈ ಮನೆಯ ಪಟ್ಟಿಗೆ ಸೇರಿತು. ಅದು ತಯಾರಾಗುವುದು ನಾಸಿಕದಲ್ಲಿ. ಗುಳ್ಳೆ ತನ್ನ ಜಾಗವನ್ನು ತಾನೇ ಆರಿಸಿಕೊಂಡಂತಾಯಿತು.

ಇದಕ್ಕೂ ಮೊದಲು, 1980ರ ದಶಕದಲ್ಲೇ ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಚೌಗುಲೆ ಕುಟುಂಬದ ಇಂಡೇಜ್ ಸಂಸ್ಥೆ ಪೈಪರ್ ಹೈಡ್ಸಿಕ್ ಎಂಬ ಶಾಂಪೇನ್ ಮನೆಯ ತಾಂತ್ರಿಕ ನೆರವಿನಿಂದ ಬಾಟಲಿ ಹುದುಗಿನ ವೈನ್ ಮಾಡಿತ್ತು. 'ಓಮರ್ ಖಯ್ಯಾಮ್' ಎಂಬ ಹೆಸರಿನಲ್ಲಿ ಅದು ವಿದೇಶದ ಅಂಗಡಿಗಳನ್ನೂ ಮುಟ್ಟಿತು. ಭಾರತದಲ್ಲಿ ಇದು ಆಗುವ ಕೆಲಸ ಎಂದು ಮೊದಲು ತೋರಿಸಿದವರು ಅವರು. ಮುಂದೆ ಸಂಸ್ಥೆ ಬಹಳ ಬೇಗ ಬಹಳ ದೊಡ್ಡದಾಯಿತು. 2008ರ ಆರ್ಥಿಕ ಹಿಂಜರಿತದ ನಂತರ ಸಾಲದ ಸುಳಿಗೆ ಸಿಕ್ಕಿತು, ಮತ್ತೆ ಮೇಲೇಳಲಿಲ್ಲ.

ಕಾಯುವವರ ವ್ಯಾಪಾರ

ಗ್ರೋವರ್, ಇಂಡೇಜ್ ಎಂಬ ಈ ಎರಡು ಮನೆಗಳ ಕತೆಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗುಳ್ಳೆಯ ವೈನ್ ಯಾಕೆ ಮನೆತನಗಳ ಕಸುಬು ಎಂಬುದು ಹೊಳೆಯುತ್ತದೆ. ಶಾಂಪೇನ್ ನಾಡಿನ ಪೋಲ್ ರೋಜೆ ಮನೆ 1849ರಿಂದಲೂ ಕುಟುಂಬದ ಕೈಯಲ್ಲೇ ಇದೆ. ಅಲ್ಲಿನದೇ ಬೊಲಾಂಜೆ ಮನೆಯನ್ನು 1941ರಲ್ಲಿ ವಿಧವೆಯಾದ ಲಿಲಿ ಬೊಲಾಂಜೆ ಮೂರು ದಶಕ ನಡೆಸಿದರು. ಇಟಲಿಯ ಟ್ರೆಂಟೊದಲ್ಲಿ 1902ರಲ್ಲಿ ಶುರುವಾದ ಫೆರಾರಿ ಮನೆಗೆ ಮಕ್ಕಳಿರಲಿಲ್ಲ. ಸ್ಥಾಪಕ ಜುಲಿಯೊ ಫೆರಾರಿ 1952ರಲ್ಲಿ ಅದನ್ನು ಊರಿನ ವೈನ್ ವ್ಯಾಪಾರಿ ಲುನೆಲ್ಲಿಯ ಕೈಗಿತ್ತರು, ಈಗ ಅದು ಲುನೆಲ್ಲಿ ಮನೆತನದ ಕಸುಬು.

ಲೆಕ್ಕ ಸರಳ. ಈ ವರ್ಷ ಕೊಯ್ದ ದ್ರಾಕ್ಷಿಯ ದುಡ್ಡು ಕೈಗೆ ಬರುವುದು ಮೂರನೆಯ ವರ್ಷಕ್ಕೆ. ಅಷ್ಟರಲ್ಲಿ ಇನ್ನೆರಡು ಬೆಳೆಗೆ ಬಂಡವಾಳ ಹಾಕಿರಬೇಕು. ಬಳ್ಳಿ ನೆಟ್ಟು ಮೊದಲ ಒಳ್ಳೆಯ ಬೆಳೆಗೆ ಕಾದ ಮೂರು ನಾಲ್ಕು ವರ್ಷ ಬೇರೆ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ನೀತಿಪಾಠವಾಗಿ ಉಳಿಯುವುದಿಲ್ಲ, ಬ್ಯಾಂಕಿನ ಬಡ್ಡಿಯ ಲೆಕ್ಕವಾಗುತ್ತದೆ. ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಕಂಪನಿಗೆ ನೆಲಮಾಳಿಗೆಯಲ್ಲಿ ಮಲಗಿದ ಬಾಟಲಿ ಸತ್ತ ದುಡ್ಡು. ಮೊಮ್ಮಕ್ಕಳಿಗಾಗಿ ತೆಂಗು ನೆಡುವ ಮನೆಗೆ ಅದು ಬೆಳೆಯುತ್ತಿರುವ ದುಡ್ಡು. ಕೆಲವು ದೊಡ್ಡ ಸಂಸ್ಥೆಗಳೂ ಕಾಯಬಲ್ಲವು, ಆದರೆ ಕಾಯುವ ಶಕ್ತಿ ಅವಕ್ಕೆ ಬರುವುದು ಬೇರೆ ಕಡೆ ದುಡಿದ ಹಣದಿಂದ.

ನಮ್ಮ ದೇಶದಲ್ಲಿ ಇದರ ಮೇಲೆ ಇನ್ನೊಂದು ಹೊರೆಯಿದೆ. ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡಬೇಕು, ಅಂದರೆ ಬಳ್ಳಿ ಕತ್ತರಿಸಬೇಕು. ಬೇಸಿಗೆಯ ಚಾಟ್ನಿ ಬಳ್ಳಿಯ ಮೈ ಕಟ್ಟಲು, ಮಳೆಗಾಲ ಇಳಿಯುವಾಗಿನ ಚಾಟ್ನಿ ಹಣ್ಣು ಹಿಡಿಯಲು. ಎರಡನೆಯ ಚಾಟ್ನಿಯ ದಿನ ಒಂದು ವಾರ ಆಚೀಚೆಯಾದರೆ ಕೊಯ್ಲು ಚಳಿಗೆ ಬೀಳಬೇಕಾದದ್ದು ಸೆಕೆಗೆ ಬೀಳುತ್ತದೆ. ಹುಳಿ ಉಳಿಯುವುದೋ ಹೋಗುವುದೋ ಎಂಬುದು ಕತ್ತರಿ ಹಿಡಿದ ಆ ದಿನವೇ ಅರ್ಧ ತೀರ್ಮಾನವಾಗಿರುತ್ತದೆ. ಚಾಟ್ನಿ ಮಾಡುವವರು ಹೆಚ್ಚಾಗಿ ಕೂಲಿಯ ಕೈಗಳು. ಬಾಟಲಿಯ ಮೇಲೆ ಅವರ ಹೆಸರು ಬರುವುದಿಲ್ಲ, ರುಚಿಯಲ್ಲಿ ಮಾತ್ರ ಅವರು ಇರುತ್ತಾರೆ.

ಹಾಗಾದರೆ ಹಂಪಿಯ ಸೀಮೆಯಲ್ಲಿ ಗುಳ್ಳೆ ಬರಲೇಬೇಕೇ? ನನಗೇನೋ ಅನುಮಾನ. ಯಂತ್ರದ ತಂಪು, ಚೀಲದಿಂದ ಹಾಕುವ ಟಾರ್ಟಾರಿಕ್ ಹುಳಿ, ಎರಡನ್ನೂ ತಂದು ಇಲ್ಲೂ ಮಾಡಬಹುದು. ಆದರೆ ಬಂಡೆಯ ಬಿಸಿ ಕೆಂಪು ದ್ರಾಕ್ಷಿಯ ಸಿಪ್ಪೆಗೆ ಸಲೀಸಾಗಿ ಏನನ್ನು ಕೊಡುತ್ತದೋ ಅದನ್ನು ಬಿಟ್ಟು, ಕೊಡದೇ ಇರುವುದನ್ನು ಕಾಡಿ ಬೇಡುವುದು ಕಸುಬುದಾರಿಕೆಯಲ್ಲ. ಹುಳಿ ಎಲ್ಲಿ ಉಳಿಯುತ್ತದೆ ಎಂದು ಬಲ್ಲವರಷ್ಟೇ, ಎಲ್ಲಿ ಉಳಿಯುವುದಿಲ್ಲ ಎಂದು ಬಲ್ಲವರೂ ನಾಲಿಗೆಯುಳ್ಳವರೇ. ಕೃಷ್ಣಾ ತೀರದ ವಿಜಯಪುರ ಒಣದ್ರಾಕ್ಷಿಗೆ, ನಂದಿಯ ಸುತ್ತ ಬೆಂಗಳೂರು ನೀಲಿಗೆ ಹೆಸರಾದದ್ದು ಹೀಗೇ, ಮಣ್ಣಿನ ಮಾತು ಕೇಳಿ.

ಹಂಪಿ ಊರಲ್ಲಂತೂ ಮದ್ಯದ ಮಾತಿಲ್ಲ, ಅದು ವಿರೂಪಾಕ್ಷನ ಊರು. ಹೊಸಪೇಟೆಗೆ ವಾಪಸಾಗಿ, ಸಂಜೆ ಮಿರ್ಚಿ ಬಂಡಿಯ ಮುಂದೆ ನಿಂತರೆ ಸಾಕು. ಕಾಗದದ ಮೇಲೆ ಒಗ್ಗರಣಿ ಮಂಡಕ್ಕಿ, ಪಕ್ಕದಲ್ಲಿ ಎಣ್ಣೆ ಸೋರುವ ಬಿಸಿ ಮಿರ್ಚಿ. ಕರಿದದ್ದರ ಜೊತೆ ಗುಳ್ಳೆಯ ವೈನ್ ಯಾಕೆ ಒಗ್ಗುತ್ತದೆ ಎಂದು ದೂರದ ಊರುಗಳಲ್ಲಿ ತಜ್ಞರು ಬರೆಯುತ್ತಾರೆ. ಹುಳಿ ಜಿಡ್ಡನ್ನು ತೊಳೆಯುತ್ತದೆ, ಗುಳ್ಳೆ ನಾಲಿಗೆಯನ್ನು ಉಜ್ಜುತ್ತದೆ, ಮುಂದಿನ ತುತ್ತು ಮತ್ತೆ ಮೊದಲನೆಯದಾಗುತ್ತದೆ. ಇಲ್ಲಿ ಎರಡನೆಯ ಮಿರ್ಚಿ ಮುಗಿಸಿದವರು ಬಾಯಿ ಒರೆಸಿಕೊಳ್ಳುತ್ತಾ ಪಕ್ಕದ ಅಂಗಡಿಗೆ ಕೂಗುತ್ತಾರೆ, 'ಅಣ್ಣ, ಒಂದು ಗೋಲಿ ಸೋಡಾ, ನಿಂಬೆಹಣ್ಣು ಜಾಸ್ತಿ ಹಿಂಡು.'